ಹಿಮದ ಲಾರಿಯ ಕೆಲಸಕ್ಕೆ ಆಲ್ಡೆನ್ ಬರೆಸಿದ ಅರ್ಜಿ

ಆಲ್ಡೆನ್,

ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುವ ಕೆಲಸಕ್ಕೆ ನೀನು ಎಐ ಕೈಲಿ ಬರೆಸಿದ ಅರ್ಜಿ ಓದಿದೆ. ಅದನ್ನು ಸೌದೆ ಒಲೆಗೆ ಹಾಕಿದ್ದೇನೆ, ಹುಡುಕಬೇಡ.

‘ತಮ್ಮ ಘನ ಸಂಸ್ಥೆಯನ್ನು ದೂರದಿಂದಲೇ ಮೆಚ್ಚಿಕೊಂಡು ಬಂದವನು’ ಅಂತೆ! ಯಾವ ದೂರವೋ? ಅದನ್ನು ಓದುವವನು ಊರ ಕಚೇರಿಯ ಲೈಲ್. ಹೋದ ಚಳಿಗಾಲ ಅವನ ಗಾಡಿ ಚರಂಡಿಗೆ ಬಿದ್ದಾಗ ಹಗ್ಗ ಕಟ್ಟಿ ಎಳೆದವನು ನೀನೇ. "ಏನಮ್ಮಾ ವರ್ನಾ, ಈ ಸಾಹೇಬ್ರು ಯಾರು? ನಿನ್ ತಮ್ಮ ಎಲ್ಲೋದ?" ಅಂತ ಹತ್ತು ಜನರ ಮುಂದೆ ನನ್ನನ್ನು ಕೇಳುತ್ತಾನೆ.

ಇವತ್ತೇ ಕೊನೆಯ ದಿನ. ಊರ ಕಚೇರಿ ನಾಲ್ಕಕ್ಕೆ ಮುಚ್ಚುತ್ತದೆ. ಕಾಗದ, ಪೆನ್ನು ಮೇಜಿನ ಮೇಲಿವೆ. ಬೀನ್ಸ್ ಬೆಂದಿದೆ. ಮೊದಲು ಬರೆ, ಆಮೇಲೆ ತಿನ್ನು.

ನೀನು ಕೆಲಸಕ್ಕಿದ್ದ ಮಿಲ್ ಮುಚ್ಚಿದಾಗಿನಿಂದ ಬೆಳಗಿನ ಜಾವ ಎದ್ದು, ಯಾರೂ ಹೇಳದೆ, ಮುದುಕಿ ಹ್ಯಾಸ್ಕೆಲ್ಲಳ ಬಾಗಿಲ ಮುಂದಿನ ಹಿಮ ಎತ್ತಿ ಬರುತ್ತೀಯಲ್ಲ, ಅದನ್ನು ಬರೆ. ನಾಚಿಕೆಯಾದರೂ ಬರೆ.

ಮೂರಕ್ಕೆ ಶಾಲೆಯ ಅಡುಗೆಮನೆಯಿಂದ ಲೈಲ್‌ಗೆ ಫೋನ್ ಮಾಡುತ್ತೇನೆ. ಅರ್ಜಿ ಬಂದಿಲ್ಲ ಎಂದನೋ, ಏಪ್ರನ್ ಕೂಡ ಬಿಚ್ಚದೆ ಕಚೇರಿಗೇ ಹೋಗಿ, ಎಲ್ಲರೆದುರು ನಿನ್ನನ್ನು ಹೊಗಳುತ್ತೇನೆ. ನನ್ನ ಗಂಟಲು ಎಂಥದೆಂದು ನಿನಗೆ ಗೊತ್ತು.

ವರ್ನಾ