ಉನೈಸಿಗೆ ಮಾಡಿದ ಗಮ್ಮಿ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 6

ಉನೈಸಿಯ ಶುಗರ್ 8. ಏಳರೊಳಗೆ ಇರಬೇಕು. ಪರವಾಗಿಲ್ಲ, ಇಳಿಯುತ್ತದೆ.

ಕ್ಯಾರೆಟ್ ತುರಿದು ಬಟ್ಟೆಯಲ್ಲಿ ಹಿಂಡಿದೆ. ಬೀಟ್‌ರೂಟ್ ಬೇರೆ. ಕೈ ನೋಡಿದರೆ ಕೊಲೆ ಮಾಡಿ ಬಂದವನ ಹಾಗೆ. ಮೂರು ಅನಾನಸ್ಸಿನ ರಸ ಕುದಿಸಿ ಕುದಿಸಿ ಒಂದು ಲೋಟಕ್ಕೆ ಇಳಿಸಿದೆ — ನೀರು ಹೋದರೆ ಸತ್ವ ಉಳಿಯುತ್ತದೆ. ಲುಮಿ ಅಂದರೆ ಕಡಲ ಪಾಚಿ, ಮರಳು ಹೋಗುವ ತನಕ ತೊಳೆದು ಕರಗುವ ತನಕ ಬೇಯಿಸಬೇಕು. ಹೆಂಗಸರು ಅದಕ್ಕೆ ತೆಂಗಿನಹಾಲು ಹಾಕಿ ಹೆಪ್ಪು ಕಟ್ಟಿಸುತ್ತಾರೆ. ನಾನು ರಸ ಹಾಕುತ್ತೇನೆ. ಸಂಜೆಗೆ ಗಟ್ಟಿ. ಚೌಕ ಚೌಕ ಕತ್ತರಿಸಿದರೆ ಅಂಗಡಿಯ ಗಮ್ಮಿ ಮಿಠಾಯಿಯೇ. ಸಕ್ಕರೆ ಒಂದು ಚಿಟಿಕೆ ಇಲ್ಲ.

ಹೋದ ವರ್ಷ ಉನೈಸಿಯ ಎಡಗಾಲಿನ ಎರಡು ಬೆರಳು ತೆಗೆದರು. ಆದರೂ ಅಂಗಡಿ ಗಮ್ಮಿಯ ಪ್ಯಾಕೆಟ್ ದಿಂಬಿನ ಕೆಳಗೆ. ಹೆಂಡತಿಯಾದರೇನು, ಕಿತ್ತು ಒಲೆಗೆ ಹಾಕಿದೆ. ಎರಡು ದಿನ ಮಾತು ಬಿಟ್ಟಳು. ಆಮೇಲೆ ಅನ್ನಿಸಿತು — ಬಾಯಿಚಪಲ ಸಾಯುವುದಿಲ್ಲ, ನಾನೇ ಮಾಡಿಕೊಟ್ಟರೆ?

ಈ ಪುಸ್ತಕ ನರ್ಸ್ ಕೊಟ್ಟಿದ್ದು, ಶುಗರ್ ಬರೆಯಲು. ಮುಂಭಾಗದ ಪುಟ ನರ್ಸ್‌ಗೆ. ಹಿಂಭಾಗದವು ನನಗೆ.

ಮಾರ್ಚ್ 8, ಶುಕ್ರವಾರ

9. ಯಂತ್ರ ಸರಿ ಇಲ್ಲವೇನೋ.

ಉನೈಸಿಯ ತಂಗಿ ಕೆಲೆರಾ ಹೊಳೆ ದಾಟಿ ಬಂದಿದ್ದಳು. ನಮ್ಮ ದ್ವೀಪದಲ್ಲಿ ಹೆಂಡತಿಯ ತಂಗಿ ಏನು ಬೇಕಾದರೂ ಅನ್ನಬಹುದು, ಗಂಡಸು ಸಿಟ್ಟಾಗಬಾರದು. ಆ ಹಕ್ಕನ್ನು ಇವಳು ಪೂರ್ತಿ ಬಳಸಿಕೊಳ್ಳುತ್ತಾಳೆ. ನಾನು ಪಾಚಿ ತೊಳೆಯುತ್ತಿದ್ದೆ.

"ಭಾವ, ಚರ್ಚಿನ ಹೆಂಗಸರ ಸಂಘದಲ್ಲಿ ನಿಮ್ಮ ಹೆಸರು ಬರೆಸ್ಲಾ? ಚಾಪೆ ಹೆಣೆಯೋದೂ ಕಲಿಸ್ತಾರೆ."

ಬರೆಸು, ಆ ಸಂಘದಲ್ಲಿ ಅಡುಗೆ ಬಲ್ಲವರು ಒಬ್ಬರಾದರೂ ಇರಲಿ ಅಂದೆ. ಬಿದ್ದು ಬಿದ್ದು ನಕ್ಕಳು, ಜೊತೆಗೆ ಕೆಮ್ಮು. ಒಂದು ಗಮ್ಮಿ ಬಾಯಿಗೆ ಹಾಕಿಕೊಂಡಳು. ಸಿಹಿ ಜಾಸ್ತಿಯಾಯಿತಲ್ಲ ಅಂದಳು. ಅದು ದೇವರು ಹಣ್ಣಿನಲ್ಲಿಟ್ಟ ಸಿಹಿ, ನಿನ್ನಪ್ಪನ ಮನೆಯದಲ್ಲ ಅಂದೆ.

ಉನೈಸಿ ದಿನಕ್ಕೆ ಹನ್ನೆರಡು ತಿನ್ನುತ್ತಾಳೆ. ತಟ್ಟೆ ಮುಂದಿಟ್ಟರೆ ಮುಗಿಸುತ್ತಾಳೆ. ಇಷ್ಟವಾಗಿದೆ.

ಮಾರ್ಚ್ 17, ಭಾನುವಾರ

12. ಮೋಸ ನಡೆಯುತ್ತಿದೆ.

ಅನ್ನ ಅಳೆದು ಕೊಡುವವನು ನಾನು. ಮರಗೆಣಸು ನಿಲ್ಲಿಸಿದೆ. ಚಹಾಕ್ಕೆ ಸಕ್ಕರೆ ಇಲ್ಲ. ಮತ್ತೆ ಎಲ್ಲಿಂದ ಏರುತ್ತದೆ? ಯಾರೋ ತಂದು ಕೊಡುತ್ತಿದ್ದಾರೆ. ಬರುವವರು ಯಾರು... ಪ್ರತಿ ವಾರ ಬುಟ್ಟಿ ಹಿಡಿದು ಬರುವವಳು ಕೆಲೆರಾ ಒಬ್ಬಳೇ.

ಉನೈಸಿ ಹೊಳೆ ಕಲ್ಲಿಗೆ ಎಡಗಾಲು ತರಚಿಕೊಂಡಿದ್ದಾಳೆ. ಸಣ್ಣ ಗಾಯ. ಅವಳಿಗೆ ನೋವೇ ಗೊತ್ತಾಗಿಲ್ಲ.

ಗಮ್ಮಿಯನ್ನು ದಿನಕ್ಕೆ ಹದಿನೈದಕ್ಕೆ ಏರಿಸಿದೆ. ಹೊಟ್ಟೆ ತುಂಬಿದ್ದರೆ ಕದ್ದು ತಿನ್ನುವುದಿಲ್ಲ.

ಮಾರ್ಚ್ 24, ಭಾನುವಾರ. ಮಧ್ಯಾಹ್ನ

ಸಿಕ್ಕಿಬಿತ್ತು. ಕೆಲೆರಾ ಕೂತಿದ್ದ ಚಾಪೆಯ ಅಂಚಿನಲ್ಲಿ ಮಿಠಾಯಿ ಸುತ್ತುವ ಕಾಗದ.

ಕೆಮ್ಮಿನ ಗುಳಿಗೆ ಭಾವ, ನಂದೇ, ಅಂದಳು. ಕೆಮ್ಮಿನ ಗುಳಿಗೆಯಂತೆ. ಬುಟ್ಟಿ ಎತ್ತಿ ಅಂಗಳಕ್ಕೆ ಎಸೆದೆ. ಜನ ಚರ್ಚಿನಿಂದ ಬರುತ್ತಿದ್ದರು. ಎಲ್ಲರೂ ನಿಂತರು. ಅಕ್ಕನನ್ನು ಕೊಲ್ಲುವುದಕ್ಕೆ ಬರುವವಳು ನನ್ನ ಹೊಸಿಲು ತುಳಿಯಬಾರದು ಅಂತ ಕೂಗಿದೆ.

ಮೊದಲು ತಮಾಷೆ ಅಂದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಚೆಲ್ಲಿದ್ದನ್ನು ಒಂದೊಂದೇ ಆರಿಸಿಕೊಂಡಳು. ಹೋದಳು.

ಉನೈಸಿ ಗೋಡೆ ಕಡೆ ತಿರುಗಿ ಮಲಗಿದಳು. ಮಲಗಲಿ.

ಏಪ್ರಿಲ್ 2, ಮಂಗಳವಾರ

16.

ಕೆಲೆರಾ ಬಂದು ಒಂಬತ್ತು ದಿನವಾಯಿತು. ಆದರೂ 16.

ಗಾಯ ಮಾಗಿಲ್ಲ. ಅಂಚು ಕಪ್ಪಾಗಿದೆ. ವಾಸನೆ.

ಕ್ಯಾರೆಟ್ ಸಾಲದೇನೋ. ಕುಂಬಳಕಾಯಿಯನ್ನೂ ಹಿಂಡಿದೆ. ಅನಾನಸ್ಸು ನಾಲ್ಕು.

ಏಪ್ರಿಲ್ 9, ಮಂಗಳವಾರ. ಬೆಳಿಗ್ಗೆ 11

ನರ್ಸ್ ರೊನೀತಾ ಬಂದಳು. ಮುಂಭಾಗದ ಪುಟದ ಅಂಕಿ ನೋಡಿ ಚಪ್ಪಲಿ ಬಿಡುವುದನ್ನೂ ಮರೆತಳು. ಗಾಯ ಬಿಚ್ಚಿ ನೋಡಿದಳು, ಮದ್ದು ಕಟ್ಟಿ, ಜ್ವರ ಬಂದರೆ ತಕ್ಷಣ ದೊಡ್ಡಾಸ್ಪತ್ರೆಗೆ ಅಂದಳು. ಏನೇನು ತಿನ್ನುತ್ತಾರೆ ಅಂತ ಕೇಳಿದಳು. ಎಲ್ಲ ಹೇಳಿದೆ. ಫ್ರಿಜ್ ತೆರೆದು ಟ್ರೇ ತೋರಿಸಿದೆ. ಕೆಂಪು, ಕಿತ್ತಳೆ, ಹಳದಿ. ಬರೀ ತರಕಾರಿ, ಹಣ್ಣು, ಸಕ್ಕರೆ ಇಲ್ಲ ಅಂದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ.

ಹೇಗೆ ಮಾಡಿದಿರಿ ಅಂತ ಕೇಳಿದಳು. ಹೇಳಿದೆ.

"ಅಜ್ಜ, ನೀವು ಕಬ್ಬು ಕಡೀತಿದ್ರಿ ಅಲ್ವಾ?"

ಇಪ್ಪತ್ತೆರಡು ವರ್ಷ ಅಂದೆ.

"ಕಬ್ಬಿನ ರಸ ಕುದಿಸಿ ಕುದಿಸಿ ಇಳಿಸಿದ್ರೆ ಏನು ಉಳಿಯುತ್ತೆ?"

ಹಣ್ಣೂ ಹಾಗೇ ಅಜ್ಜ, ನಾರು ಬಿಸಾಡಿ ಪಾಕ ಉಳಿಸಿದ್ದೀರಿ, ಅಂದಳು. ಮೆತ್ತಗೆ ಹೇಳಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಟ್ರೇ ಹಂದಿಗೆ ಹಾಕಿದೆ. ಹಂದಿ ತಿಂದಿತು.

ಏಪ್ರಿಲ್ 10, ಬುಧವಾರ

ಇವತ್ತು ಕೇಳಿಯೇ ಬಿಟ್ಟೆ. ನಿನಗೆ ಅಷ್ಟು ಇಷ್ಟವಾಗಿತ್ತಾ ಆ ದರಿದ್ರ ಗಮ್ಮಿ?

"ಇಲ್ಲ. ಸಮುದ್ರದ ವಾಸನೆ ಬರ್ತಿತ್ತು."

ಮತ್ತೆ ಯಾಕೆ ತಿಂದೆ?

"ನಲವತ್ತು ವರ್ಷದಲ್ಲಿ ನನಗೆ ಅಂತ ನೀವು ಒಲೆ ಹಚ್ಚಿದ್ದು ಅದೇ ಮೊದಲು. ಬೇಡ ಅಂತ ಹೇಗೆ ಹೇಳ್ಲಿ?"

ಆಮೇಲೆ, ನೀವು ಕೆಲೆರಾಳ ಹತ್ತಿರ ಹೋಗಬೇಕು ಅಂದಳು. ತಪ್ಪು ಮಾಡಿದವರು ಒಪ್ಪಿಸುವ ತಿಮಿಂಗಿಲದ ಹಲ್ಲು ಹಿಡಿದು, ಬಾಗಿಲಲ್ಲಿ ಕೂತು, ಪದ್ಧತಿಯಂತೆ ಕ್ಷಮೆ ಕೇಳಿ ಬನ್ನಿ ಅಂದಳು. ತೋಟದಲ್ಲಿ ಕೆಲಸ ಇದೆ ಅಂದೆ. ಇರಲಿಲ್ಲ. ಬದುವಿನ ಮೇಲೆ ಸುಮ್ಮನೆ ಕೂತು ಬಂದೆ.

ಏಪ್ರಿಲ್ 12

ಉನೈಸಿಗೆ ಜ್ವರ. ನಾಳೆ ದೊಡ್ಡಾಸ್ಪತ್ರೆಗೆ. ವ್ಯಾನ್ ಹೇಳಿದೆ.

ಏಪ್ರಿಲ್ 26, ಶುಕ್ರವಾರ. ಆಸ್ಪತ್ರೆ

ಉನೈಸಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಸಹಿ ನಾನೇ ಹಾಕಿದೆ. ಓದು ಬರಹ ಕಲಿಯುವಷ್ಟು ಶಾಲೆಗೆ ಹೋಗಿದ್ದೆ, ಇದಕ್ಕೇ ಇರಬೇಕು.

ಕೆಲೆರಾ ಬೆಳಿಗ್ಗೆಯೇ ಬಂದಿದ್ದಳು. ನನ್ನ ಕಡೆ ನೋಡಲಿಲ್ಲ. ಅಕ್ಕನ ಮುಖ ಒರೆಸಿದಳು, ತಲೆ ಬಾಚಿದಳು. ಒಂದು ಚುಚ್ಚುಮಾತಾದರೂ ಆಡುತ್ತಾಳೆ ಅಂತ ಕಾದೆ. ಆಡಲಿಲ್ಲ. ಕತ್ತಲಾಗುವ ಮುಂಚೆ ಊರಿಗೆ ಹೋದಳು.

ಏಪ್ರಿಲ್ 27, ಶನಿವಾರ. ಬೆಳಿಗ್ಗೆ 9

ವಾರ್ಡಿನವನು ಬಂದು ಕೇಳಿದ — ಕಾಲನ್ನು ಮನೆಗೆ ಒಯ್ಯುತ್ತೀರಾ, ಇಲ್ಲೇ ವಿಲೇವಾರಿ ಮಾಡಲಾ? ಹೀಗೂ ಕೇಳುತ್ತಾರೆ ಅಂತ ಗೊತ್ತಿರಲಿಲ್ಲ. ಉನೈಸಿಗೆ ಕೇಳಿಸಿತು. ಕಣ್ಣು ಮುಚ್ಚಿಕೊಂಡೇ, ಅಮ್ಮನ ಪಕ್ಕ ಇಡಿ ಅಂದಳು.

ಅವಳ ಅಮ್ಮನನ್ನು ಮಣ್ಣು ಮಾಡಿದ್ದು ಹೊಳೆಯಾಚೆ, ತವರಿನ ನೆಲದಲ್ಲಿ. ಆ ನೆಲ ಈಗ ಕೆಲೆರಾಳದು. ಅಲ್ಲಿ ಗುದ್ದಲಿ ಹಾಕಬೇಕಾದರೆ ಅವಳನ್ನು ಕೇಳಬೇಕು.

ಪೆಟ್ಟಿಗೆ ಕೊಟ್ಟರು. ಭಾರ ಇದೆ. ಇಷ್ಟು ಭಾರ ಇರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮಧ್ಯಾಹ್ನ 2

ಹೊಳೆಯ ಈ ದಡ. ಮನೆಗೆ ಹೋಗಿ ತಿಮಿಂಗಿಲದ ಹಲ್ಲು ತಂದೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಪೆಟ್ಟಿಗೆ. ನಮ್ಮವರ ಪರವಾಗಿ ಮಾತಾಡುವ ಹಿರಿಯರು, ನಾವೇ ಬಂದು ಮಾತಾಡುತ್ತೇವೆ ಅಂದರು, ಅದೇ ಪದ್ಧತಿ. ಬೇಡ ಅಂದೆ. ಕೂಗಿದ್ದು ನನ್ನ ಬಾಯಿ.

ದೋಣಿ ಆ ದಡದಲ್ಲಿದೆ. ಬರುವಷ್ಟರಲ್ಲಿ ಮಾತು ಬರೆದುಕೊಳ್ಳುತ್ತೇನೆ, ಬಾಗಿಲಲ್ಲಿ ಕೂತಾಗ ನಾಲಿಗೆ ಹೊರಳುವುದಿಲ್ಲ.

ಕೆಲೆರಾ, ನಿನ್ನ ಅಕ್ಕನ ಕಾಲು ತಂದಿದ್ದೇನೆ. ನಿಮ್ಮ ಅಮ್ಮನ ಪಕ್ಕ ಒಂದು ಮೊಳ ಜಾಗ ಕೊಡು. ಇದಕ್ಕೆ ಕಾರಣ ನೀನಲ್ಲ. ಇದಕ್ಕೆ ಕಾರಣ —