ಆರಿನ್ ಕಡತದಲ್ಲಿ ನಾನು ಬರೆದ ಸಾಲು

ಹಾರ್ಲೊ ಕ್ರೀಕ್, ಮೊಂಟಾನಾ
ನವೆಂಬರ್ 12, 2019, ಮಂಗಳವಾರ

ಮುದ್ದು ಟೆಸ್ಸಾ,

ಹೇಗಿದ್ದೀಯೆ ಮಗಳೇ? ಬೇಕರಿಯಲ್ಲಿ ದಿನವಿಡೀ ನಿಂತು ಕಾಲು ಊದುತ್ತದೆ ಎಂದಿದ್ದೆ, ಮಲಗುವಾಗ ಕಾಲಡಿ ದಿಂಬಿಟ್ಟುಕೋ. ನಿದ್ದೆ ಬರುತ್ತಿದೆಯೇ? ಕೈ ನಡುಗುವುದು ನಿಂತಿತೇ? ಬೇಸಿಗೆಯಲ್ಲಿ ನೀನು ಇಲ್ಲಿದ್ದಾಗ ಆ ನಡುಕವನ್ನು ಕಂಡೂ, ಗಂಡ ಬಿಟ್ಟುಹೋದ ಸಂಕಟ ಇರಬೇಕು ಅಂದುಕೊಂಡೆ. ಊರಿಗೆಲ್ಲ ಕಾಯಿಲೆ ಏನೆಂದು ಹೇಳುವವಳು ನಾನು. ನನ್ನ ಅಡುಗೆಮನೆಯಲ್ಲೇ ಕೂತವಳದ್ದು ತಿಳಿಯಲಿಲ್ಲ.

ನಾನು ಚೆನ್ನಾಗಿದ್ದೇನೆ. ಹಿಮ ಆಗಲೇ ಶುರುವಾಗಿದೆ. ನಿನ್ನೆ ಮಾಜಿ ಸೈನಿಕರ ದಿನ, ಎಂದಿನಂತೆ ಸಭಾಭವನದಲ್ಲಿ ತಿಂಡಿ ಇತ್ತು. ಈ ಸಲ ನನ್ನನ್ನು ವೇದಿಕೆಗೆ ಕರೆದು ಫಲಕ ಕೊಟ್ಟರು. ಯಾವ ವೈದ್ಯರ ಸಹಿಗೂ ಕಾಯದೆ ತಾನೇ ಪರೀಕ್ಷಿಸಿ, ತಾನೇ ಔಷಧಿ ಬರೆದು, ಹನ್ನೊಂದು ವರ್ಷದಿಂದ ನಮ್ಮ ಮುದುಕರನ್ನು ಕಾಪಾಡಿದ ನರ್ಸ್ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆರಿನ್ ಹೌಗನ್ ಬಂದಿರಲಿಲ್ಲ. ಮೇಜಿನ ಕೊನೆಯಲ್ಲಿ ಯಾರೋ, ಅವನಿಗೆ ಮಾತ್ರೆ ಬಡಿಸಿದ್ದರೆ ಬರುತ್ತಿದ್ದ ಎಂದರು. ಸುತ್ತ ಕೂತವರು ನಕ್ಕರು. ಆ ನಗುವನ್ನು ಊರಿಗೆ ಕಲಿಸಿದವಳು ನಾನೇ.

ಆರಿನ್ ನಿನಗೆ ಗೊತ್ತು. ವಿಯೆಟ್ನಾಂ ಯುದ್ಧದಲ್ಲಿ ಬೆನ್ನಿಗೆ ಹೊಕ್ಕ ಲೋಹದ ಚೂರುಗಳನ್ನು ಇನ್ನೂ ಹೊತ್ತು ತಿರುಗುವ ಮುದುಕ. ನೀನು ಕಾರು ಓಡಿಸಿಕೊಂಡು ನನ್ನನ್ನು ಅವನ ಮನೆಗೆ ಕರೆದೊಯ್ಯುತ್ತಿದ್ದೆ. ಬಾಗಿಲು ತೆರೆದವನೇ "ಬಂದ್ರಾ ಕ್ಯಾಪ್ಟನ್, ಇವತ್ತು ಎಲ್ಲಿಗೆ ಚುಚ್ತೀರಿ?" ಎಂದು ನನ್ನನ್ನು ಛೇಡಿಸುತ್ತಿದ್ದ. ನಾನು ರಕ್ತದೊತ್ತಡ ನೋಡುವಷ್ಟರಲ್ಲಿ ನೀನು ಕೈ ತೊಳೆಯಲು ಒಳಗೆ ಹೋಗುತ್ತಿದ್ದೆ. ಆಗಸ್ಟಿನಲ್ಲಿ, ನಾನು ಬರೆದುಕೊಟ್ಟ ಅಮಲು ಬರಿಸುವ ನೋವಿನ ಮಾತ್ರೆಗಳು ತಿಂಗಳು ಮುಗಿಯುವ ಮೊದಲೇ ಮುಗಿದವು. ಸೆಪ್ಟೆಂಬರಿನಲ್ಲೂ ಅದೇ. ಮಾರಿಕೊಳ್ಳುತ್ತಿದ್ದೀರಾ ಎಂದು ಮುಖಕ್ಕೇ ಕೇಳಿದೆ. ಅವನು ಸಿಟ್ಟಾಗಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ಅದು ನನ್ನ ಹೊಟ್ಟೆಗೆ ಹೋಗಿಲ್ಲ ಮಾರ್ವಾ. ನಿಮ್ ಹುಡುಗೀನ ಒಂದ್ಸಲ ಕೇಳಿ ನೋಡಿ" ಎಂದ.

ನಾನು ನಿನ್ನನ್ನು ಕೇಳಲಿಲ್ಲ. ನನ್ನ ಮಗಳ ಹೆಸರೆತ್ತಿದರೆ ಬೇರೆ ನರ್ಸ್ ನೋಡಿಕೊಳ್ಳಿ ಎಂದೆ. ಬೇರೆಯವರು ಇರುವುದು ತೊಂಬತ್ತು ಮೈಲಿ ದೂರ, ಅವನು ಕಾರು ಓಡಿಸಲಾರ. ಅದು ಗೊತ್ತಿದ್ದೇ ಹೇಳಿದೆ. ಅವತ್ತೇ ಮಾತ್ರೆ ನಿಲ್ಲಿಸಿದೆ. ಕಡತದಲ್ಲಿ "ಮಾತ್ರೆಗಾಗಿ ನೋವಿನ ನಾಟಕವಾಡುತ್ತಾನೆ, ಸಿಕ್ಕಿಬಿದ್ದರೆ ಇತರರ ಮೇಲೆ ಆರೋಪ ಹೊರಿಸುತ್ತಾನೆ" ಎಂದು ಬರೆದೆ, ಊರಲ್ಲೂ ಅದನ್ನೇ ಹೇಳಿದೆ. ಬರೆದದ್ದು ಸರಿಯೇ ಎಂದು ನೋಡಲು ನನ್ನ ಮೇಲೆ ಯಾರೂ ಇರಲಿಲ್ಲ. ನರ್ಸ್‌ಗಳಿಗೆ ಇಂಥ ಸ್ವಾತಂತ್ರ್ಯ ಬೇಕೆಂದು ಸಭೆ ಸಭೆಗಳಲ್ಲಿ ಭಾಷಣ ಮಾಡಿದವಳಲ್ಲವೇ ನಾನು.

ಅಕ್ಟೋಬರಿನಲ್ಲಿ ಮೂರು ಸಲ ಫೋನ್ ಮಾಡಿದ. ಇದು ಹಳೇ ನೋವಲ್ಲ, ಬೇರೆ ಥರ ಇದೆ ಎಂದ. ನಾಟಕ ಅಂದುಕೊಂಡೆ. ಕೊನೆಗೆ ಅವನ ಪಕ್ಕದ ಮನೆಯ ಡಾಟ್, ಅವನು ಕೊಟ್ಟಿಗೆಯಿಂದ ಮನೆಗೆ ತೆವಳಿಕೊಂಡು ಬರುವುದನ್ನು ಕಂಡು ಜಿಲ್ಲೆಯ ಆಸ್ಪತ್ರೆಗೆ ಸೇರಿಸಿದಳು. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು.

ಅದೇ ವಾರ, ನೀನು ಇಲ್ಲೇ ಬಿಟ್ಟುಹೋದ ಚಳಿಗಾಲದ ಕೋಟನ್ನು ನಿನಗೆ ಕಳಿಸೋಣವೆಂದು ತೆಗೆದೆ. ಒಳಜೇಬಿನಲ್ಲಿ ಮಾತ್ರೆಯ ಎರಡು ಖಾಲಿ ಶೀಶೆಗಳಿದ್ದವು, ಎರಡರ ಮೇಲೂ ಆರಿನ್ ಹೆಸರು, ಕೆಳಗೆ ಬರೆದುಕೊಟ್ಟವಳೆಂದು ನನ್ನದು.

ಮರುದಿನ ಆಸ್ಪತ್ರೆಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಅಲ್ಲಿಯ ವೈದ್ಯರು ನನ್ನ ಸಾಲನ್ನು ಓದಿ ಅವನಿಗೆ ತಲೆನೋವಿಗೆ ಕೊಡುವಂಥ ಮಾತ್ರೆ ಕೊಡುತ್ತಿದ್ದರು. ಹಾಸಿಗೆಯ ಕಂಬಿ ಹಿಡಿದು ಹಿಡಿದು ಅವನ ಅಂಗೈ ಸುಲಿದಿತ್ತು. "ಕ್ಯಾಪ್ಟನ್, ಇಲ್ಲಿ ಯಾರೂ ನನ್ನ ನಂಬ್ತಿಲ್ಲ. ನೀವು ಹೇಳಿದ್ರೆ ನಂಬ್ತಾರೆ" ಎಂದ. ಹೇಳ್ತೀನಿ ಅಂದೆ. ಹೊದಿಕೆ ಸರಿಪಡಿಸಿದೆ. ವೈದ್ಯರ ಕೋಣೆಯ ಮುಂದೆಯೇ ಹಾದು ಕಾರು ಹತ್ತಿದೆ.

ಆಮೇಲೆ ಒಂಬತ್ತು ದಿನ ಕಳೆದಿವೆ. ನಾನು ತಪ್ಪು ಬರೆದೆ ಎಂದಷ್ಟೇ ಹೇಳಿದ್ದರೂ ಸಾಕಿತ್ತು. ಆದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ನಿನ್ನ ಹೆಸರು ಬರುತ್ತದೆ, ನನ್ನ ಪರವಾನಗಿ ಹೋಗುತ್ತದೆ. ಬರೀ ನಿನಗಾಗಿ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಈ ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡು. ಶುಕ್ರವಾರ ಇಬ್ಬರೂ ಆ ಆಸ್ಪತ್ರೆಗೆ ಹೋಗೋಣ. ನೀನು ಬರದಿದ್ದರೆ ನಾನೊಬ್ಬಳೇ ಹೋಗಿ ಹೇಳುತ್ತೇನೆ. ಬೈಯಲು ಬರೆದದ್ದಲ್ಲ ಮಗಳೇ, ನಿನಗೂ ಚಿಕಿತ್ಸೆ ಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಅಮ್ಮ,
ಮಾರ್ವಾ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಡಾಟ್ ಫೋನ್ ಮಾಡಿದಳು. ಆರಿನ್ ಇವತ್ತು ಬೆಳಿಗ್ಗೆ ತೀರಿಕೊಂಡನಂತೆ. ಕೊನೆಯವರೆಗೂ ಕಿರುಚುತ್ತಿದ್ದನಂತೆ, ಪಕ್ಕದ ಹಾಸಿಗೆಯವರನ್ನು ಬೇರೆ ಕೋಣೆಗೆ ಕಳಿಸಬೇಕಾಯಿತಂತೆ. ಶುಕ್ರವಾರ ನೀನು ಬರುವುದು ಬೇಡ. ಶೀಶೆಗಳನ್ನು ಒಲೆಗೆ ಹಾಕಿದೆ. ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ನೆಮ್ಮದಿ, ಟೆಸ್ಸಾ. ಇದನ್ನು ಓದಿ ಸುಟ್ಟುಬಿಡು.