ಒಂದು ತೋಳು ಉದ್ದವಿದ್ದ ಸ್ವೆಟರ್

ಬಸವೇಶ್ವರನಗರ, ಬೆಂಗಳೂರು
ಸೋಮವಾರ, 24 ನವೆಂಬರ್ 2025

ಪ್ರೀತಿಯ ಅಕ್ಕಾ,

ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ನೀನು ಮಹಡಿಯ ತರಗತಿಗೇ ಪಾಠಕ್ಕೆ ಹೋಗುತ್ತೀಯಂತೆ. ಭಾವ ದೂರು ಹೇಳುತ್ತಿದ್ದರು. ಕೆಳಗಿನ ತರಗತಿ ಕೇಳಿ ತೆಗೆದುಕೋ, ಅದರಲ್ಲೇನೂ ನಾಚಿಕೆಯಿಲ್ಲ. ದಾವಣಗೆರೆಯಲ್ಲೂ ಚಳಿ ಶುರುವಾಗಿರಬೇಕು. ಇಲ್ಲಿ ಅವರೆಕಾಯಿ ಬಂದಿದೆ, ಸೊಗಡು ಇನ್ನೂ ಬಂದಿಲ್ಲ. ನಿನ್ನ ಮಗಳು ಚೈತನ್ಯಾ ಚೆನ್ನಾಗಿದ್ದಾಳೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಆರೋಗ್ಯವಾಗಿದ್ದಾಳೆ. ಊಟ ಮಾಡುತ್ತಾಳೆ, ಇವತ್ತೂ ಎಂದಿನ ಬಸ್ಸಿಗೇ ಯೂನಿವರ್ಸಿಟಿಗೆ ಹೋದಳು. ನಿನ್ನೆ ಸಂಜೆ ನಾನು ಫೋನು ಮಾಡಿದ್ದು ಅವಳ ವಿಷಯ ಹೇಳುವುದಕ್ಕೇ. ಭಾವ ಎಂದಿನಂತೆ ಸ್ಪೀಕರಿಗೆ ಹಾಕಿದರು, ನೀನು ಅಡುಗೆಮನೆಯಿಂದಲೇ "ಕೋಕಿ, ಊಟ ಆತೇನ?" ಎಂದು ಕೂಗಿದೆ. ಆ ದನಿ ಕೇಳಿದ ಮೇಲೆ ಅವರೆಕಾಯಿಯ ಸುದ್ದಿ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ, ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ. ಸ್ಟಾಫ್ ರೂಮಿನಲ್ಲಿ ಒಡೆಯಬೇಡ.

ನಮ್ಮ ಓದುಗರ ಬಳಗ ನಿನಗೆ ಗೊತ್ತಲ್ಲ. ತಿಂಗಳಿಗೊಂದು ಭಾನುವಾರ ನಮ್ಮ ಮನೆಯ ಹಾಲಿನಲ್ಲಿ ಸೇರುತ್ತೇವೆ. "ಚೆನ್ನಾಗಿದೆ, ಮನ ಮುಟ್ಟಿತು" ಎಂದಷ್ಟೇ ಹೇಳಿ ಕೂರುವಂತಿಲ್ಲ ಎಂಬುದು ನಾನೇ ಮಾಡಿದ ನಿಯಮ. ಅಭಿಪ್ರಾಯ ಹೇಳಿದವರು ಅದಕ್ಕೆ ಕಂಡುಂಡ ಬದುಕಿನಿಂದ ಒಂದು ಉದಾಹರಣೆ ಕೊಡಬೇಕು, ಹೆಸರು ಹೇಳದೆ. ಈ ಸಲದ ಕಾದಂಬರಿ ಒಂದೇ ಬೀದಿಯ ಮೂವರು ಹೆಂಗಸರದು. ಅವರ ನಡುವೆ ಓಡಾಡುವ ಗೆಳತಿಯೊಬ್ಬಳಿದ್ದಾಳೆ. ಹೆರಿಗೆಗೆ ಬರುತ್ತಾಳೆ, ಸಾವಿಗೆ ಬರುತ್ತಾಳೆ, ಕೊನೆಗೆ ಮೂರೂ ಸಂಸಾರಗಳು ಅವಳಿಂದಲೇ ಮುರಿಯುತ್ತವೆ. ನಿನ್ನೆ ಮಧ್ಯಾಹ್ನದ ಚರ್ಚೆ ಬಿಸಿಬಿಸಿಯಾಗಿತ್ತು. ಹಲ್ಲಿನ ಡಾಕ್ಟರು ಕೀರ್ತನಾ ಆ ಗೆಳತಿಯ ಪರ ನಿಂತಳು. ಮೂವರಿಗೂ ಪುಟಗಟ್ಟಲೆ ಮನಸ್ಸು ಕೊಟ್ಟು, ಅವಳಿಗೆ ಮಾತ್ರ ಬರೀ ನಾಲಿಗೆ ಕೊಟ್ಟದ್ದು ಅನ್ಯಾಯ ಎಂದಳು. ಮಲ್ಲತ್ತಹಳ್ಳಿಯ ಪಾಪಮ್ಮನವರು, ರಿಟೈರಾದ ಮೇಷ್ಟ್ರಮ್ಮ, ಎಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಅವಳು ಒಂದು ಸುಳ್ಳೂ ಹೇಳಲ್ಲ, ನೋಡಿದ್ರಾ? ಒಂದು ಮನೇಲಿ ಕೇಳಿದ್ದನ್ನ ತಗೊಂಡೋಗಿ ಇನ್ನೊಂದು ಮನೇಲಿ ಇಟ್ಟು ಬರ್ತಾಳೆ, ಅಷ್ಟೆ." ಎಂಥ ಮಾತು ಎಂದು ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಬರೆದುಕೊಂಡ ಪೆನ್ನು ಕೈಯಲ್ಲಿರುವಾಗಲೇ ನನ್ನ ಸರದಿ ಬಂತು.

ಅಕ್ಕಾ, ನಾನು ನಿನ್ನ ಪಕ್ಕದ ಮನೆಯಲ್ಲಿದ್ದ ಕುಸುಮಾಳ ಕಥೆ ಹೇಳಿದೆ.

ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ. ನನ್ನ ಪರಿಚಯದ ಒಬ್ಬ ಹೆಂಗಸು ಎಂದೆ. ಮದುವೆಯಾದ ಹೊಸದರಲ್ಲೇ ಬಸಿರಾದಳು, ಬಿ.ಎಡ್ ಅರ್ಧಕ್ಕೆ ನಿಲ್ಲುತ್ತದೆಂದು ಹೆದರಿ, ಯಾರಿಗೂ ಹೇಳದೆ ತೆಗೆಸಿಕೊಳ್ಳಲು ಹೋದಳು, ಹೋಗಿ ಸರದಿಯಲ್ಲಿ ಕೂತವಳು ಎದ್ದು ಬಂದಳು ಎಂದೆ. ಅದನ್ನು ಪಕ್ಕದ ಮನೆಯ ಪ್ರಾಣಸ್ನೇಹಿತೆ ಒಬ್ಬಳ ಹತ್ತಿರವೇ ಹೇಳಿ ಅತ್ತಳು. ಆ ಸ್ನೇಹಿತೆ "ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎನ್ನುತ್ತಾ ಅವಳ ಅತ್ತೆಯ ಕಿವಿಗೆ ಹಾಕಿದಳು. ಬಸುರಿಯನ್ನು ತವರಿಗೆ ಕಳಿಸಿದವರು ಮಗು ಅಂಬೆಗಾಲಿಡುವವರೆಗೂ ಕರೆಸಿಕೊಳ್ಳಲಿಲ್ಲ ಎಂದೆ. ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕವಿತೆ ಓದಿ ಓದಿ ನನಗೊಂದು ಚಾಳಿ ಬಂದಿದೆ, ಒಂದು ಚಿತ್ರ ಕಣ್ಣಿಗೆ ಬಿದ್ದರೆ ಬಿಡಲಾರೆ. ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅದು ನನಗೆ ಹಿತವಾಗಿತ್ತು. ಕ್ಲಿನಿಕ್ಕಿನ ಕಿಟಕಿಯಿಂದ ಅವಳಿಗೆ ಎದುರಿನ ಉಲ್ಲನ್ ಅಂಗಡಿ ಕಾಣಿಸಿತು, ಎದ್ದು ಹೋಗಿ ನೇರಳೆ ಬಣ್ಣದ ನೂಲು ಕೊಂಡಳು, ಸರಿಯಾಗಿ ಹೆಣೆಯಲೂ ಬಾರದ ಕೈಯಲ್ಲಿ ಪುಟ್ಟ ಸ್ವೆಟರ್ ಹೆಣೆದಳು, ಅದರ ಒಂದು ತೋಳು ಉದ್ದವಾಯಿತು ಎಂದೆ. "ಆ ಉದ್ದ ತೋಳು ಕ್ಷಮೆ ಕೇಳಲು ಚಾಚಿದ ಕೈಯಂತಿತ್ತು" ಎಂದೂ ಸೇರಿಸಿದೆ. ಕೀರ್ತನಾ ಕಣ್ಣೊರೆಸಿಕೊಂಡಳು.

ಆಗ ಚೈತನ್ಯಾ ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಆ ಸ್ವೆಟರನ್ನು ಅವಳು ಇಲ್ಲಿಗೂ ತಂದಿದ್ದಾಳೆಂದು ನಿನಗೆ ಗೊತ್ತೋ ಇಲ್ಲವೋ. ಓದುವ ಮೇಜಿನ ಮೇಲೆ ಒಂದು ಕರಡಿ ಬೊಂಬೆ ಇಟ್ಟಿದ್ದಾಳೆ, ಅದಕ್ಕೆ ತೊಡಿಸಿದ್ದಳು. "ನಮ್ಮಮ್ಮಂಗೆ ಲೆಕ್ಕ ಬರುತ್ತೆ, ಅಳತೆ ಬರಲ್ಲ" ಎಂದು ಗೆಳತಿಯರಿಗೆ ತೋರಿಸಿ ನಗುತ್ತಿದ್ದಳು. ನಾನು ದಿನಾ ಆ ಮೇಜು ಒರೆಸುವವಳು. ಆ ಸ್ವೆಟರ್ ನೋಡಿ ನೋಡಿಯೇ ಅಲ್ಲವೆ ನನಗೆ ಆ ಚಿತ್ರ ಹೊಳೆದದ್ದು! ಅವಳು ಎಲ್ಲರಿಗೂ ಕಾಫಿ ಕೊಟ್ಟಳು. ಪಾಪಮ್ಮನವರಿಗೆ ಸಕ್ಕರೆ ಹಾಕಿಲ್ಲ ಆಂಟಿ ಎಂದು ನೆನಪಿಟ್ಟು ಹೇಳಿದಳು. ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಾ, ನನ್ನ ಕಡೆ ತಿರುಗದೆ, ಒಂದೇ ಮಾತಾಡಿದಳು: "ಆ ಮಗು ಈಗ ಎಲ್ಲಿದೆ ಅಂತ ಯಾರೂ ಕೇಳ್ಲೇ ಇಲ್ವಲ್ಲ, ಚಿಕ್ಕಮ್ಮ."

ಇವತ್ತು ಬೆಳಿಗ್ಗೆ ನೋಡಿದರೆ ಕರಡಿ ಬರಿಮೈಯಲ್ಲಿ ಕೂತಿದೆ.

ನಿನ್ನ ಕ್ಷಮೆ ಕೇಳಲು ಮನಸ್ಸು ಬರುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ಅದು ನನಗೆ ಗೊತ್ತು. ತವರಿನ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೀನು ನನಗೆ ಎಲ್ಲ ಹೇಳಿ, "ಕೂಸಿಗೆ ಗೊತ್ತಾಗಬಾರದು, ಕೋಕಿ" ಎಂದಿದ್ದೆ. ಭಾವ ಆ ಮಾತು ಉಳಿಸಿಕೊಂಡರು. ಸೊಸೆಯ ಮೇಲೆ ಅಷ್ಟು ಮುನಿದ ನಿನ್ನ ಅತ್ತೆಯೂ ಸಾಯುವವರೆಗೆ ಮೊಮ್ಮಗಳ ಮುಂದೆ ಬಾಯಿ ಬಿಡಲಿಲ್ಲ. ಕುಸುಮಾ ಕೂಡ ನಿನ್ನ ಗುಟ್ಟನ್ನು ಒಂದೇ ಒಂದು ಮನೆಗೆ ಒಯ್ದಿದ್ದಳು. ನಾನು ಅದನ್ನು ಒಂದು ಹಾಲಿನ ತುಂಬ ಕೂತವರಿಗೆ, ನಿನ್ನ ಮಗಳಿದ್ದ ಮನೆಯಲ್ಲೇ, ಅಲಂಕಾರ ಮಾಡಿ ಬಡಿಸಿದೆ. ಕಾದಂಬರಿಯ ಆ ಗೆಳತಿಯನ್ನು ದುಷ್ಟೆ ಎಂದು ಎಲ್ಲರಿಗಿಂತ ಜೋರಾಗಿ ವಾದಿಸಿದವಳೂ ನಾನೇ. ಪುಸ್ತಕದ ಅಂಚಿನಲ್ಲಿ ಪಾಪಮ್ಮನವರ ಮಾತು ನನ್ನದೇ ಕೈಬರಹದಲ್ಲಿದೆ. ತೆರೆಯಲು ಆಗುತ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು ಎಂದು ಬರೆದರೆ ಈ ಕಾಗದದ ವಿಷಯ ಹೇಳಬೇಕಾಗುತ್ತದೆ. ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು. ಮಂಡಿಗೆ ಎಣ್ಣೆ ಹಚ್ಚುವುದು ತಪ್ಪಿಸಬೇಡ.

ನಿನ್ನ ತಂಗಿ,
ಕೋಕಿಲಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಚೈತನ್ಯಾ ಶನಿವಾರ ಬೆಳಗಿನ ರೈಲಿಗೆ ಊರಿಗೆ ಬರುತ್ತಿದ್ದಾಳೆ. ಸ್ವೆಟರ್ ಅವಳ ಬ್ಯಾಗಿನಲ್ಲಿದೆ. ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು, "ಅಮ್ಮ ನಿಜವಾಗ್ಲೂ ಆ ಅಂಗಡಿ ನೋಡಿನೇ ವಾಪಸ್ ಬಂದ್ಲಾ?" ನಾನು ಹೂಂ ಎಂದುಬಿಟ್ಟೆ. ಸುಳ್ಳು. ಕಿಟಕಿ, ಅಂಗಡಿ ಎಲ್ಲ ನಾನು ಕಟ್ಟಿದ್ದು. ನೀನು ಯಾಕೆ ಎದ್ದು ಬಂದೆ ಎಂದು ನಾನು ಯಾವತ್ತೂ ಕೇಳಿಯೇ ಇಲ್ಲ, ಅಕ್ಕಾ. ಅವಳು ಕೇಳಲು ಬರುತ್ತಿದ್ದಾಳೆ. ಅವಳಿಗೆ ಹೇಳು. ನನಗೆ ಮಾತ್ರ ಹೇಳಬೇಡ.